ಸೌದಿಗೆ ಹೊರಟ ನರ್ಸ್‌ಗೆ ಮೈಸೂರಿನಲ್ಲಿ ಸಿಕ್ಕ ಪ್ರಯಾಣ ಆರೋಗ್ಯ ಸಲಹೆ: ನಮ್ಮ ಅನುಭವ

ಮಂಡ್ಯದಲ್ಲಿ ಆರು ವರ್ಷ ಸ್ಟಾಫ್ ನರ್ಸ್ ಆಗಿದ್ದ ನನ್ನ ತಂಗಿಗೆ ಜೆಡ್ಡಾದ ಆಸ್ಪತ್ರೆಯೊಂದರ ಡಯಾಲಿಸಿಸ್ ವಿಭಾಗದಲ್ಲಿ ಕೆಲಸ ಸಿಕ್ಕಿತು. ವೀಸಾಕ್ಕೆ ಬೇಕಾದ ರಕ್ತಪರೀಕ್ಷೆ, ಎಕ್ಸ್‌ರೇ ಎಲ್ಲ ಮುಗಿದಿದ್ದರೂ ಆ ಭಾಗದಲ್ಲಿ ಆಗಾಗ ತಲೆಯೆತ್ತುವ ಮೆರ್ಸ್ ಎಂಬ ಕೊರೊನಾ ವೈರಸ್ ಸೋಂಕಿನ ಬಗ್ಗೆ ಅವಳಿಗೆ ಯಾರೂ ಒಂದು ಮಾತನ್ನೂ ಹೇಳಿರಲಿಲ್ಲ. ಹೊರಡಲು ಮೂರು ವಾರ ಇರುವಾಗ, ಒಂದು ಶನಿವಾರ ಬೆಳಗಿನ ರೈಲು ಹಿಡಿದು ಮೈಸೂರಿಗೆ ಹೋಗಿ, ಸರಸ್ವತಿಪುರಂನ ಸಣ್ಣ ಕ್ಲಿನಿಕ್ ಒಂದರಲ್ಲಿ ಇಬ್ಬರೂ ಪ್ರಯಾಣ ಆರೋಗ್ಯ ಸಲಹೆ ಪಡೆದು ಬಂದೆವು. ಸಲಹೆಗೆ 900 ರೂಪಾಯಿ, ಮಾಸ್ಕ್ ಹೊಂದಾಣಿಕೆಯ ಪರೀಕ್ಷೆಗೆ ಪ್ರತ್ಯೇಕವಾಗಿ 400 ರೂಪಾಯಿ. ಹತ್ತೂವರೆಗೆ ಬರಲು ಹೇಳಿದ್ದರು. ಒಳಗೆ ಕರೆದಾಗ ಹನ್ನೆರಡಾಗಿತ್ತು.

ಒಳಗೆ ಹೋದ ಮೇಲೆ ಮಾತ್ರ ವೈದ್ಯೆ ನಲವತ್ತು ನಿಮಿಷ ನಮಗಾಗಿಯೇ ಕೊಟ್ಟರು. ಅವರು ಮೊದಲು ಕೇಳಿದ್ದು ಊರನ್ನಲ್ಲ, ವಿಭಾಗವನ್ನು. ಡಯಾಲಿಸಿಸ್ ಎಂದು ತಂಗಿ ಹೇಳಿದ ಕೂಡಲೇ ಮುಂದಿದ್ದ ಅಚ್ಚಾದ ಹಾಳೆಯನ್ನು ಪಕ್ಕಕ್ಕೆ ಸರಿಸಿ, ಖಾಲಿ ಕಾಗದ ತೆಗೆದುಕೊಂಡು ಬರೆಯುತ್ತಾ ಮಾತನಾಡತೊಡಗಿದರು. ಆ ಒಂದು ಪ್ರಶ್ನೆಗಾಗಿಯೇ ನಾನು ಈ ವಿಮರ್ಶೆ ಬರೆಯುತ್ತಿದ್ದೇನೆ. ಮೆರ್ಸ್ ಎಂದರೆ ಒಂಟೆ, ಮರುಭೂಮಿ ಎಂದಷ್ಟೇ ತಿಳಿದಿದ್ದ ನಮಗೆ, ಈ ಕಾಯಿಲೆ ಮನುಷ್ಯರ ನಡುವೆ ಹರಡುವ ಮುಖ್ಯ ಜಾಗ ಆಸ್ಪತ್ರೆಯ ವಾರ್ಡೇ ಎಂಬುದು ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಅವರು ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಈ ವೈರಸ್ ಮೊದಲು ಪತ್ತೆಯಾದದ್ದು 2012ರಲ್ಲಿ, ಜೆಡ್ಡಾದಲ್ಲೇ ದಾಖಲಾಗಿದ್ದ ಅರವತ್ತು ವರ್ಷದ ರೋಗಿಯೊಬ್ಬರ ಕಫದಲ್ಲಿ. ಅದೇ ವರ್ಷದ ಏಪ್ರಿಲ್‌ನಲ್ಲಿ ಜೋರ್ಡಾನ್‌ನ ಜರ್ಕಾದ ಆಸ್ಪತ್ರೆಯೊಂದರಲ್ಲಿ ಕಾಣಿಸಿಕೊಂಡಿದ್ದ ಕಾಯಿಲೆಯೂ ಇದೇ ಎಂದು ಆಮೇಲೆ, ತೆಗೆದಿಟ್ಟಿದ್ದ ಮಾದರಿಗಳಿಂದ ತಿಳಿಯಿತು. ಅಂದಿನಿಂದ ಪ್ರಯೋಗಾಲಯದಲ್ಲಿ ದೃಢಪಟ್ಟ ಪ್ರಕರಣಗಳು 2,600ಕ್ಕೂ ಹೆಚ್ಚು, ದೇಶಗಳು 27, ಮೃತರು 900ಕ್ಕೂ ಹೆಚ್ಚು. ಐದರಲ್ಲಿ ನಾಲ್ಕು ಪಾಲಿಗೂ ಮಿಕ್ಕಿ ಸೌದಿಯವೇ. ಆ 27 ದೇಶಗಳ ಪಟ್ಟಿಯಲ್ಲಿ ಭಾರತವಿಲ್ಲ.

ಒಂಟೆಗಳಿಂದ ಮನುಷ್ಯರಿಗೆ ದಾಟುವ ಈ ಸೋಂಕು ಒಂಟೆಗಳಿಗೆ ಮೂಗು ಸೋರುವ ನೆಗಡಿಯಷ್ಟೇ. ವೈರಸ್ ಹಿಡಿದುಕೊಳ್ಳುವ ಜೀವಕೋಶದ ಕೊಂಡಿ ಒಂಟೆಯಲ್ಲಿ ಮೂಗಿನ ಒಳಪದರದಲ್ಲಿದ್ದರೆ, ಮನುಷ್ಯರಲ್ಲಿ ಹೆಚ್ಚಾಗಿ ಶ್ವಾಸಕೋಶದ ಆಳದಲ್ಲಿದೆ. ಹೀಗಾಗಿ ಸೋಂಕು ತಗುಲಿದ ಮನುಷ್ಯ ಸಂತೆಯಲ್ಲಿ ತಿರುಗಾಡುವಾಗ ಅಕ್ಕಪಕ್ಕದವರಿಗೆ ಅಷ್ಟಾಗಿ ಹರಡುವುದಿಲ್ಲ. ಊರಿನ ನಡುವೆ ಒಬ್ಬ ರೋಗಿಯಿಂದ ಸರಾಸರಿ ಒಬ್ಬರಿಗೂ ದಾಟದೆ ಸರಪಳಿ ತಾನಾಗಿ ಕಡಿದುಹೋಗುತ್ತದೆ. ಅದೇ ರೋಗಿ ಉಸಿರಾಟ ಕಷ್ಟವಾಗಿ ಆಸ್ಪತ್ರೆ ಸೇರಿ, ಗಂಟಲಿಗೆ ಕೊಳವೆ ಹಾಕಿ ಕಫ ಹೀರುವ ಹಂತ ತಲುಪಿದಾಗ ಆಳದಲ್ಲಿದ್ದ ವೈರಸ್ ಹೊರಗೆ ಬರುತ್ತದೆ, ಮತ್ತು ಆಗ ಹಾಸಿಗೆಯ ಪಕ್ಕ ನಿಂತಿರುವವರು ನರ್ಸ್‌ಗಳೇ. 2013ರಲ್ಲಿ ಸೌದಿಯ ಅಲ್ ಅಹ್ಸಾದಲ್ಲಿ ದೃಢಪಟ್ಟ 23 ಪ್ರಕರಣಗಳ ಸರಪಳಿಯಲ್ಲಿ ಡಯಾಲಿಸಿಸ್ ಘಟಕವೇ ಒಂದು ಮುಖ್ಯ ಕೊಂಡಿಯಾಗಿತ್ತು ಎಂದು ವೈದ್ಯೆ ಹೇಳಿದಾಗ ತಂಗಿ ಪೆನ್ನು ತೆಗೆದು ಬರೆದುಕೊಳ್ಳಲು ಆರಂಭಿಸಿದಳು.

ಅವರು ಹೆಚ್ಚು ಹೊತ್ತು ನಿಂತದ್ದು 2015ರ ದಕ್ಷಿಣ ಕೊರಿಯಾದ ಮೇಲೆ. ಕೊಲ್ಲಿ ದೇಶಗಳಿಂದ ಮರಳಿದ ಒಬ್ಬನೇ ವ್ಯಕ್ತಿಯಿಂದ ಶುರುವಾಗಿ 186 ಮಂದಿಗೆ ಸೋಂಕು ತಗುಲಿತು, 38 ಮಂದಿ ತೀರಿಕೊಂಡರು. ಸೋಲ್‌ನ ದೊಡ್ಡ ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ವಿಭಾಗದಲ್ಲಿ ಮೂರು ದಿನ ಮಲಗಿದ್ದ ಒಬ್ಬ ರೋಗಿಯಿಂದಲೇ 80ಕ್ಕೂ ಹೆಚ್ಚು ಜನರಿಗೆ ಹಬ್ಬಿತು. ಸೋಂಕಿತರಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಮಂದಿ ರೋಗಿಗಳೂ ಅಲ್ಲ, ಸಿಬ್ಬಂದಿಯೂ ಅಲ್ಲ. ನೋಡಿಕೊಳ್ಳಲು ಜೊತೆಗಿದ್ದ ಮನೆಯವರು, ನೋಡಿಹೋಗಲು ಬಂದ ನೆಂಟರು. ನಮ್ಮ ಅಪ್ಪನಿಗೆ ಶಸ್ತ್ರಚಿಕಿತ್ಸೆಯಾದಾಗ ವಾರ್ಡಿನ ಮಂಚದ ಕೆಳಗೆ ಚಾಪೆ ಹಾಸಿಕೊಂಡು ನಾನೇ ನಾಲ್ಕು ರಾತ್ರಿ ಮಲಗಿದ್ದೆ. ಕೊರಿಯಾದ ಆ ಲೆಕ್ಕ ಕೇಳುವಾಗ ನನಗೆ ಆ ಚಾಪೆಯೇ ಕಣ್ಣ ಮುಂದೆ ಬಂತು.

ಸೋಂಕಿತರಲ್ಲಿ ನೂರಕ್ಕೆ 36ರಷ್ಟು ಮಂದಿ ಸಾಯುತ್ತಾರೆ ಎಂಬುದೇ ಮನೆಯಲ್ಲಿ ಅಮ್ಮನ ನಿದ್ದೆ ಕೆಡಿಸಿದ್ದ ಮಾತು. ಅದನ್ನು ನಾನೇ ಕೇಳಿದೆ. ಆ ಅಂಕಿ ಸುಳ್ಳಲ್ಲ, ಆದರೆ ಅದು ದೃಢಪಟ್ಟವರ ಲೆಕ್ಕ ಎಂದು ವೈದ್ಯೆ ಸಮಾಧಾನವಾಗಿ ಬಿಡಿಸಿ ಹೇಳಿದರು. ಆಸ್ಪತ್ರೆಗೆ ಬಂದವರನ್ನಷ್ಟೇ ಎಣಿಸಿದರೆ ತೀವ್ರ ಕಾಯಿಲೆಯವರೇ ಎಣಿಕೆಗೆ ಸಿಗುತ್ತಾರೆ. ಸೌದಿಯಲ್ಲಿ ಸುಮಾರು ಹತ್ತು ಸಾವಿರ ಜನರ ರಕ್ತ ಪರೀಕ್ಷಿಸಿದಾಗ 15 ಮಂದಿಯಲ್ಲಿ ಹಳೆಯ ಸೋಂಕಿನ ಗುರುತು ಸಿಕ್ಕಿತಂತೆ. ಇಡೀ ದೇಶದ ಜನಸಂಖ್ಯೆಗೆ ಹಿಡಿದು ನೋಡಿದರೆ ಗೊತ್ತೇ ಆಗದಂತೆ ಬಂದುಹೋದ ಸೋಂಕುಗಳು ಸಾವಿರಗಟ್ಟಲೆ ಇರಬೇಕು. ಸಾವಿಗೀಡಾದವರಲ್ಲಿ ಹೆಚ್ಚಿನವರು ವಯಸ್ಸಾದವರು, ಸಕ್ಕರೆ ಕಾಯಿಲೆ ಅಥವಾ ಮೂತ್ರಪಿಂಡದ ಕಾಯಿಲೆ ಇದ್ದವರು. ಆರೋಗ್ಯವಂತ ಯುವ ಸಿಬ್ಬಂದಿಯಲ್ಲಿ ಸಾವು ಬಹಳ ಕಡಿಮೆ, ಆದರೆ ಅವರ ಮೂಲಕ ಸೋಂಕು ದಾಟಿ ಹೋಗುವುದು ಡಯಾಲಿಸಿಸ್ ಕುರ್ಚಿಯಲ್ಲಿ ಕೂತ ಅಂಥ ರೋಗಿಗಳಿಗೇ. ಭಯವನ್ನು ತೆಗೆದು ಆ ಜಾಗದಲ್ಲಿ ಜವಾಬ್ದಾರಿಯನ್ನು ಇಟ್ಟ ಈ ವಿವರಣೆಗೆ ನಾನು ಪೂರ್ಣ ಅಂಕ ಕೊಡುತ್ತೇನೆ.

ಮಾಸ್ಕ್ ಪರೀಕ್ಷೆಯನ್ನು ನಾನು ಮೊದಲ ಬಾರಿಗೆ ನೋಡಿದೆ. ಎನ್-95 ಹಾಕಿಕೊಂಡ ತಂಗಿಯ ತಲೆಯ ಮೇಲೆ ಮುಂಭಾಗ ಪಾರದರ್ಶಕವಾಗಿರುವ ಬಿಳಿ ಕುಲಾವಿಯೊಂದನ್ನು ಇಳಿಬಿಟ್ಟು, ಸಣ್ಣ ರಂಧ್ರದಿಂದ ಸಿಹಿ ರುಚಿಯ ಸ್ಯಾಕರಿನ್ ನೀರನ್ನು ಮಂಜಿನಂತೆ ಸಿಂಪಡಿಸಿದರು. ತಲೆ ಎಡಕ್ಕೆ, ಬಲಕ್ಕೆ ತಿರುಗಿಸಿ, ಬಗ್ಗಿ, ಒಂದರಿಂದ ನೂರರವರೆಗೆ ಗಟ್ಟಿಯಾಗಿ ಎಣಿಸಲು ಹೇಳಿದರು. ಇಪ್ಪತ್ತಮೂರಕ್ಕೆ ಬಂದಾಗ ತಂಗಿ ನಿಲ್ಲಿಸಿ, ‘ಸಿಹಿ ಬಂತು’ ಎಂದಳು. ಅಂದರೆ ಮೂಗಿನ ಪಕ್ಕದಲ್ಲಿ ಗಾಳಿ ನುಸುಳುತ್ತಿತ್ತು. ಆರು ವರ್ಷದಿಂದ, ಕೋವಿಡ್ ವಾರ್ಡಿನಲ್ಲೂ, ಅವಳು ಹಾಕಿದ್ದು ಅದೇ ಅಳತೆಯ ಮಾಸ್ಕ್. ಇನ್ನೊಂದು ಆಕಾರದ, ಕೊಕ್ಕಿನಂತೆ ಮುಂದೆ ಚಾಚಿರುವ ಮಾಸ್ಕ್ ಹಾಕಿ ನೂರು ಮುಗಿಸಿದರೂ ನಾಲಗೆಗೆ ಸಿಹಿ ತಾಕಲಿಲ್ಲ.

ಕೊರತೆಗಳೂ ಇವೆ. ಕೊನೆಯಲ್ಲಿ ಕೈಗಿಡುವ ಅಚ್ಚಾದ ಹಾಳೆ ಇಂಗ್ಲಿಷ್‌ನಲ್ಲಿದೆ, ಮೆಕ್ಕಾಕ್ಕೆ ಹೋಗುವ ಉಮ್ರಾ ಯಾತ್ರಿಕರಿಗಾಗಿ ಬರೆದದ್ದು. ಒಂಟೆಯ ಹಸಿ ಹಾಲು ಕುಡಿಯಬೇಡಿ, ಒಂಟೆ ಮುಟ್ಟಿದರೆ ಕೈ ತೊಳೆಯಿರಿ, ಮೆನಿಂಜೈಟಿಸ್ (ಮೆದುಳಿನ ಪೊರೆಯ ಸೋಂಕು) ಲಸಿಕೆ ಹಾಕಿಸಿಕೊಳ್ಳಿ ಎಂಬ ಸರಿಯಾದ ಮಾತುಗಳೇ ಅದರಲ್ಲಿವೆ, ಆದರೆ ಆಸ್ಪತ್ರೆಯಲ್ಲಿ ದುಡಿಯುವವರಿಗೆ ಒಂದು ಸಾಲೂ ಇಲ್ಲ. ವೈದ್ಯೆ ಬಾಯಲ್ಲಿ ಹೇಳಿದ್ದನ್ನು ನಾವು ಬರೆದುಕೊಳ್ಳದಿದ್ದರೆ ಮನೆಗೆ ಬರುವಷ್ಟರಲ್ಲಿ ಅರ್ಧ ಮರೆತುಹೋಗುತ್ತಿತ್ತು. ಮಂಡಿ ಮೊಹಲ್ಲಾದಿಂದ, ಉದಯಗಿರಿಯಿಂದ ಯಾತ್ರೆಗೆ ಹೋಗುವ ಹಿರಿಯರಿಗೆ ಆ ಹಾಳೆ ಕನ್ನಡದಲ್ಲೂ ಉರ್ದುವಿನಲ್ಲೂ ಬೇಕು. ಇನ್ನೊಂದು, ಮರಳಿ ಬಂದ ಮೇಲೆ ಏನು ಮಾಡಬೇಕೆಂಬುದು ನಾನು ಕೇಳಿದ ಮೇಲೆಯೇ ಬಂತು: ಬಂದ 14 ದಿನದೊಳಗೆ ಜ್ವರ, ಕೆಮ್ಮು ಬಂದರೆ ಆಸ್ಪತ್ರೆಯ ಸಾಲಿನಲ್ಲಿ ಕೂರದೆ ಮೊದಲೇ ಫೋನ್ ಮಾಡಿ, ಎಲ್ಲಿಂದ ಬಂದದ್ದೆಂದು ತಿಳಿಸಬೇಕು, ಪರೀಕ್ಷೆಗೆ ಮೂಗಿನ ಸ್ವಾಬ್‌ಗಿಂತ ಆಳದ ಕಫ ಹೆಚ್ಚು ಖಚಿತ. 2020ರ ಜನವರಿಯಲ್ಲಿ ಸೌದಿಯಲ್ಲಿದ್ದ ಕೇರಳದ ನರ್ಸ್ ಒಬ್ಬರ ಸೋಂಕನ್ನು ವೂಹಾನ್‌ನ ವೈರಸ್ ಎಂದು ಸುದ್ದಿ ಮಾಡಿ, ಆಮೇಲೆ ಅದು ಮೆರ್ಸ್ ಎಂದು ಅಲ್ಲಿನವರು ಸ್ಪಷ್ಟಪಡಿಸಿದ್ದು ನನಗೆ ನೆನಪಿತ್ತು. ಅದಕ್ಕೇ ಕೇಳಿದೆ.

ಮೆರ್ಸ್‌ಗೆ ಬಳಕೆಗೆ ಒಪ್ಪಿಗೆ ಪಡೆದ ಲಸಿಕೆ ಇನ್ನೂ ಇಲ್ಲವಾದ್ದರಿಂದ, ಕೊಲ್ಲಿಯ ಆಸ್ಪತ್ರೆಗಳಿಗೆ ಹೊರಟಿರುವ ನಮ್ಮ ಕಡೆಯ ನರ್ಸ್‌ಗಳು, ತಂತ್ರಜ್ಞರು ಈ ಸಲಹೆಗೆ ಒಂದು ಬೆಳಗನ್ನು ಕೊಡಲೇಬೇಕು. ಹೋಗುವ ಮುನ್ನ, ಸೇರಲಿರುವ ಆಸ್ಪತ್ರೆಯಲ್ಲಿ ಯಾವ ಮಾದರಿಯ ಮಾಸ್ಕ್ ಕೊಡುತ್ತಾರೆಂದು ಇಮೇಲ್ ಮಾಡಿ ಕೇಳಿಕೊಳ್ಳಿ. ನಾವು ಅದನ್ನು ಕೇಳದೆ ಹೋಗಿದ್ದರಿಂದ ತಂಗಿ ಜೆಡ್ಡಾ ತಲುಪಿದ ಮೇಲೆ ಮತ್ತೊಮ್ಮೆ ಕುಲಾವಿ ಹಾಕಿಕೊಂಡು ಎಣಿಸಬೇಕಾಯಿತು. ಎರಡನೆಯ ಮಾದರಿ ಹೊಂದಿತಂತೆ. ಅದರ ಸಂಖ್ಯೆಯನ್ನು ಗುರುತಿನ ಚೀಟಿಯ ಹಿಂದೆ ಬರೆದು ಅಂಟಿಸಿಕೊಂಡಿದ್ದಾಳೆ.