ಎಡಿಎಚ್‌ಡಿ ಇರುವ ದೊಡ್ಡವರ ಓದಿಗೂ ಲೆಕ್ಕಕ್ಕೂ: ಎಡ್ಜ್‌ನ ರೀಡ್ ಅಲೌಡ್, ಕ್ಯಾಸಿಯೊ ಎಂಜೆ-120ಡಿ

ಮೈಕ್ರೋಸಾಫ್ಟ್ ಎಡ್ಜ್ ಬ್ರೌಸರ್‌ನ ಓದಿ ಹೇಳುವ ಸೌಲಭ್ಯ ಪುಕ್ಕಟೆ. ಅಂಗಡಿಗಳ ಗಲ್ಲಾಪೆಟ್ಟಿಗೆ ಪಕ್ಕದಲ್ಲಿ ಕಾಣುವ ಕ್ಯಾಸಿಯೊ ಎಂಜೆ-120ಡಿ ಕ್ಯಾಲ್ಕುಲೇಟರ್ ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ಎರಡನ್ನೂ ಎಡಿಎಚ್‌ಡಿಗೆಂದು (ಗಮನದ ಕೊರತೆ ಮತ್ತು ಅತಿ ಚಟುವಟಿಕೆಯ ತೊಂದರೆ) ಯಾರೂ ಮಾಡಿದ್ದಲ್ಲ. ಆದರೂ 'ಫೋಕಸ್' ಹೆಸರಿನಲ್ಲಿ ತಿಂಗಳ ಚಂದಾ ಕೇಳುವ ಎಷ್ಟೋ ಆ್ಯಪ್‌ಗಳಿಗಿಂತ ಇವು ವಾಸಿ ಎಂಬುದು ನಮ್ಮ ಅಭಿಪ್ರಾಯ.

ಕಾರಣ ತೊಂದರೆಯ ಸ್ವರೂಪದಲ್ಲೇ ಇದೆ. ಎಡಿಎಚ್‌ಡಿ ಇರುವ ವಯಸ್ಕರಲ್ಲಿ ಹೆಚ್ಚಿನವರಿಗೆ ಅಕ್ಷರ ಬರುತ್ತದೆ, ಪದ ಬರುತ್ತದೆ, ವಾಕ್ಯವೂ ಅರ್ಥವಾಗುತ್ತದೆ. ಪುಟದ ಕೊನೆಗೆ ಬಂದಾಗ ಮೇಲೆ ಏನಿತ್ತು ಎಂಬುದೇ ಇರುವುದಿಲ್ಲ. ಕಣ್ಣು ಸಾಲು ಹಾರಿಸಿರುತ್ತದೆ, ಇಲ್ಲವೇ ಅದೇ ಸಾಲನ್ನು ಮೂರು ಸಲ ಓದಿರುತ್ತದೆ. ಲೆಕ್ಕದಲ್ಲೂ ಹಾಗೆಯೇ. ಏಳರ ಮಗ್ಗಿ ಬಾಯಿಪಾಠ ಇದ್ದೂ 14ನ್ನು 7ರಿಂದ ಗುಣಿಸುವಾಗ 28ರ 8 ಬರೆದು, ಕೈಯಲ್ಲಿದ್ದ 2 ಬಿಟ್ಟುಹೋಗಿ 98ರ ಜಾಗದಲ್ಲಿ 78 ಬರುತ್ತದೆ. ಕೂಡುವ ಚಿಹ್ನೆ ಇದ್ದಲ್ಲಿ ಕಳೆದಿರುತ್ತಾರೆ, ಅಂಕಿ ಪಕ್ಕದ ಸ್ಥಾನಕ್ಕೆ ಜಾರಿರುತ್ತದೆ. ವಿಷಯ ಗೊತ್ತಿಲ್ಲದ್ದರಿಂದ ಆದ ತಪ್ಪುಗಳಲ್ಲ ಇವು. ಕೆಲಸ ಮುಗಿಯುವ ತನಕ ಮಾಹಿತಿಯನ್ನು ತಲೆಯಲ್ಲಿ ಹಿಡಿದಿಡುವ ವರ್ಕಿಂಗ್ ಮೆಮೊರಿ ನಡುವೆ ಕೈಬಿಡುತ್ತದೆ, ಅಷ್ಟೇ. ಹಾಗಾಗಿ ಉಪಕರಣ ಕಲಿಸಬೇಕಿಲ್ಲ, ಹಿಡಿದುಕೊಂಡರೆ ಸಾಕು. ನಾವು ಇವೆರಡನ್ನೂ ತೂಗಿದ್ದು ಈ ಒಂದೇ ಅಳತೆಯಲ್ಲಿ.

ಮೊದಲು ಎಡ್ಜ್. ಕಂಪ್ಯೂಟರಿನಲ್ಲಿ ಲೇಖನ ತೆರೆದು ಕಂಟ್ರೋಲ್, ಶಿಫ್ಟ್, ಯು ಮೂರನ್ನೂ ಒಟ್ಟಿಗೆ ಒತ್ತಿದರೆ ಓದು ಶುರು. ಮೇಲೆ ಬರುವ ಪಟ್ಟಿಯಲ್ಲಿ ವಾಯ್ಸ್ ಆಪ್ಷನ್ಸ್ ತೆರೆದರೆ ವೇಗ, ಧ್ವನಿ ಎರಡನ್ನೂ ಬದಲಿಸಬಹುದು. ಕನ್ನಡಕ್ಕೆ ಸಪ್ನಾ, ಗಗನ್ ಎಂಬ ಎರಡು ಧ್ವನಿಗಳಿವೆ. ಎರಡೂ ಯಂತ್ರದ ಗೊಗ್ಗರು ದನಿಯಲ್ಲ, ಒತ್ತಕ್ಷರಗಳನ್ನು ಚೆನ್ನಾಗಿಯೇ ಉಚ್ಚರಿಸುತ್ತವೆ. ಆದರೆ ಇಂಟರ್‌ನೆಟ್ ಇರಲೇಬೇಕು. ಸಂಪರ್ಕ ಹೋದರೆ ಈ ಧ್ವನಿಗಳೂ ಹೋದವು.

ಇದರ ನಿಜವಾದ ಬೆಲೆ ಧ್ವನಿಗಿಂತ ಅದರ ಜೊತೆ ಓಡುವ ಬಣ್ಣದ ಗುರುತಿನಲ್ಲಿದೆ. ಓದುತ್ತಿರುವ ಪದದ ಮೇಲೆ ಗುರುತು ಸರಿಯುತ್ತಾ ಹೋಗುತ್ತದೆ, ಕಣ್ಣಿಗೆ ಸಾಲು ಹಾರಿಸಲು ಆಸ್ಪದವೇ ಇಲ್ಲ. ಹಾಗೆಂದು ಕಿವಿಗೆ ಹಾಕಿಕೊಂಡು ಅಡುಗೆಮನೆಗೆ ನಡೆದರೆ ಪ್ರಯೋಜನ ಅರ್ಧಕ್ಕಿಂತ ಕಡಿಮೆ. ಓದುವಾಗ ಅಲೆಯುವ ಮನಸ್ಸು ಕೇಳುವಾಗಲೂ ಅಲೆಯುತ್ತದೆ, ಮೇಲಾಗಿ ಧ್ವನಿ ಯಾರಿಗೂ ಕಾಯದೆ ಮುಂದೆ ಹೋಗುತ್ತಿರುತ್ತದೆ. ಕಣ್ಣು, ಕಿವಿ ಎರಡೂ ಒಂದೇ ಪದದ ಮೇಲಿರಬೇಕು. ವೇಗದ ವಿಚಾರದಲ್ಲಿ ಎಲ್ಲರೂ ಮೊದಲು ನಿಧಾನ ಮಾಡುತ್ತಾರೆ; ನಮ್ಮ ಸಲಹೆ ತದ್ವಿರುದ್ಧ. ತೀರಾ ನಿಧಾನವಾದರೆ ಎರಡು ಪದಗಳ ನಡುವಿನ ಬಿಡುವಿನಲ್ಲೇ ಗಮನ ಆಚೆ ಹೋಗುತ್ತದೆ. ಸಾಮಾನ್ಯ ವೇಗದಿಂದ ಶುರುಮಾಡಿ ಒಂದು ಮೆಟ್ಟಿಲು ಏರಿಸಿ ನೋಡಿ. ಕರಾರುಪತ್ರ, ವಿಮೆಯ ಷರತ್ತುಗಳಂಥವನ್ನು ಮಾತ್ರ ಸಾಮಾನ್ಯ ವೇಗದಲ್ಲೇ, ಪ್ಯಾರಾದಿಂದ ಪ್ಯಾರಾಕ್ಕೆ ನಿಲ್ಲಿಸಿ ಓದಿಸಬೇಕು. ಬೇಕಾದ ಭಾಗವನ್ನಷ್ಟೇ ಆಯ್ದು, ಮೌಸ್‌ನ ಬಲಗುಂಡಿ ಒತ್ತಿ ಓದಿಸಿಕೊಳ್ಳಬಹುದು. ಪ್ರತಿ ಪ್ಯಾರಾ ಮುಗಿದಾಗ ನಿಲ್ಲಿಸಿ, ಅದರಲ್ಲಿದ್ದದ್ದನ್ನು ಆರೇಳು ಪದಗಳಲ್ಲಿ ಕಾಗದದ ಮೇಲೆ ಗೀಚಿಕೊಳ್ಳಿ. ಈ ಹೆಜ್ಜೆ ಬಿಟ್ಟರೆ ಓದಿಸಿದ್ದು ಕಿವಿಯ ಮೇಲೆ ಹಾದುಹೋಯಿತು ಅಷ್ಟೆ.

ಗಟ್ಟಿಯಾಗಿ ಓದಿಸಲು ಆಗದ ಕಡೆ, ಉದಾಹರಣೆಗೆ ಕಚೇರಿಯಲ್ಲಿ, ಇಮ್ಮರ್ಸಿವ್ ರೀಡರ್ ಇದೆ. ಎಫ್9 ಒತ್ತಿದರೆ ಜಾಹೀರಾತು, ಪಕ್ಕದ ಕೊಂಡಿಗಳೆಲ್ಲ ಮಾಯವಾಗಿ ಬರಹ ಮಾತ್ರ ಉಳಿಯುತ್ತದೆ. ರೀಡಿಂಗ್ ಪ್ರಿಫರೆನ್ಸಸ್‌ನಲ್ಲಿ ಲೈನ್ ಫೋಕಸ್ ಇದೆ: ಒಂದು, ಮೂರು ಅಥವಾ ಐದು ಸಾಲು ಬಿಟ್ಟು ಉಳಿದದ್ದನ್ನು ಮಬ್ಬು ಮಾಡುತ್ತದೆ. ಒಂದೇ ಸಾಲು ಇಟ್ಟರೆ ವಾಕ್ಯದ ತಲೆ ಬಾಲ ಸೇರುವುದಿಲ್ಲ, ಅದರಲ್ಲೂ ಕ್ರಿಯಾಪದ ಕೊನೆಗೆ ಬರುವ ನಮ್ಮ ಭಾಷೆಯಲ್ಲಿ. ಮೂರು ಸಾಲು ಹಿತ. ಎಲ್ಲ ಪುಟಗಳಿಗೂ ಎಫ್9 ಕೆಲಸ ಮಾಡುವುದಿಲ್ಲ. ಆಗ ಬರಹವನ್ನು ಆಯ್ದು ಬಲಗುಂಡಿಯ ಪಟ್ಟಿಯಿಂದ ಇಮ್ಮರ್ಸಿವ್ ರೀಡರ್‌ನಲ್ಲಿ ತೆರೆಯಬೇಕು.

ಕನ್ನಡಿಗರಿಗೆ ಮುಖ್ಯ ತಕರಾರು ಪಿಡಿಎಫ್‌ಗಳದ್ದು. 'ನುಡಿ' ಅಥವಾ 'ಬರಹ' ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟ್‌ನಲ್ಲಿ ಸಿದ್ಧವಾದ ಸುತ್ತೋಲೆ, ಆದೇಶಗಳು ಪರದೆಯ ಮೇಲೆ ಅಚ್ಚ ಕನ್ನಡವಾಗಿ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಓದಿಸಿದರೆ ಬರುವುದು ಬಡಬಡಿಕೆ. ದೋಷ ಎಡ್ಜ್‌ದಲ್ಲ. ಒಂದು ಸಾಲು ನಕಲಿಸಿ ಬೇರೆಡೆ ಅಂಟಿಸಿ ನೋಡಿ. ಕನ್ನಡ ಬಾರದಿದ್ದರೆ ಆಸ್ಕಿಯಿಂದ ಈಗ ಎಲ್ಲೆಡೆ ಬಳಸುವ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಕ್ಕೆ ಹಾಕಿ, ಆಮೇಲೆ ಓದಿಸಿ. ಸ್ಕ್ಯಾನ್ ಮಾಡಿದ ಪುಟವಾದರೆ ಅದು ಬರೀ ಚಿತ್ರ, ಮೊದಲು ಅಕ್ಷರ ಗುರುತಿಸುವ ತಂತ್ರಾಂಶದಿಂದ ಪಠ್ಯ ತೆಗೆಯಬೇಕು. ಎಡಿಎಚ್‌ಡಿ ಇರುವವರಿಗೆ ಇಂಥ ಮಧ್ಯದ ಹೆಜ್ಜೆಗಳೇ ಕೆಲಸ ಬಿಟ್ಟುಬಿಡಲು ನೆಪ, ಹಾಗಾಗಿ ಪರಿವರ್ತಕದ ಪುಟವನ್ನು ಬುಕ್‌ಮಾರ್ಕ್ ಪಟ್ಟಿಯಲ್ಲೇ ಇಟ್ಟುಕೊಳ್ಳಿ.

ಅಂಕಿಗಳನ್ನು ಮಾತ್ರ ಕಿವಿಯಿಂದ ನಂಬಬೇಡಿ. ಕೇಳಿದ ಸಂಖ್ಯೆ ಬರೆಯುವಷ್ಟರಲ್ಲಿ ಆರಿಹೋಗುತ್ತದೆ. ಅದಕ್ಕೇ ಕ್ಯಾಲ್ಕುಲೇಟರ್.

ಫೋನಿನಲ್ಲೇ ಕ್ಯಾಲ್ಕುಲೇಟರ್ ಇರುವಾಗ ಇನ್ನೊಂದೇಕೆ ಎನ್ನುವವರಿಗೆ ಒಂದು ಮಾತು: ಫೋನ್ ತೆರೆದರೆ ಲೆಕ್ಕದ ಜೊತೆ ವಾಟ್ಸ್ಆ್ಯಪ್ಪೂ ತೆರೆಯುತ್ತದೆ. ಎಂಜೆ-120ಡಿ 12 ಅಂಕಿಗಳದ್ದು, ಸೌರ ಮತ್ತು ಬ್ಯಾಟರಿ ಎರಡರಿಂದಲೂ ನಡೆಯುತ್ತದೆ. ಇದರ ಹೆಚ್ಚುಗಾರಿಕೆ ಚೆಕ್ ಗುಂಡಿಗಳು. ಒತ್ತಿದ ಅಂಕಿ, ಚಿಹ್ನೆಗಳನ್ನು 150 ಹೆಜ್ಜೆಗಳವರೆಗೆ ನೆನಪಿಟ್ಟುಕೊಂಡು ಒಂದೊಂದಾಗಿ ಮರಳಿ ತೋರಿಸುತ್ತದೆ. ತಪ್ಪಿದ ಹೆಜ್ಜೆಗೆ ಹೋಗಿ ಕರೆಕ್ಟ್ ಒತ್ತಿ, ಸರಿಯಾದ ಅಂಕಿ ಹಾಕಿ, ಮತ್ತೆ ಕರೆಕ್ಟ್ ಒತ್ತಬೇಕು. ಮೊದಲಿನಿಂದ ಹಾಕುವ ಗೋಜಿಲ್ಲ.

ದಿನಸಿ ಚೀಟಿಗಳ ಲೆಕ್ಕವೊಂದನ್ನು ತೆಗೆದುಕೊಳ್ಳಿ: 348, 1,275, 4,680, 96, 720. ಮೊತ್ತ 7,119 ಆಗಬೇಕು, ಬಂದದ್ದು 7,299. ವ್ಯತ್ಯಾಸ 180. ವ್ಯತ್ಯಾಸ 9ರಿಂದ ಭಾಗವಾದರೆ ಮೊದಲ ಅನುಮಾನ ಅಂಕಿ ಅದಲುಬದಲಾಗಿದೆ ಎಂಬುದು. ಇಲ್ಲಿ 4,680 ಹೋಗಿ 4,860 ಆಗಿದೆ. ಮೊತ್ತ 6,927 ಬಂದಿದ್ದರೆ ವ್ಯತ್ಯಾಸ 192, ಅದರ ಅರ್ಧ 96. ಅಂದರೆ 96ನ್ನು ಕೂಡುವ ಬದಲು ಕಳೆಯಲಾಗಿದೆ. ಲೆಕ್ಕ ಬರೆಯುವವರ ಈ ಹಳೆಯ ಉಪಾಯ ಮತ್ತು ಚೆಕ್ ಗುಂಡಿ ಸೇರಿದರೆ ತಪ್ಪು ಹುಡುಕುವುದು ಬೇಗ ಮುಗಿಯುತ್ತದೆ. ಎಡಿಎಚ್‌ಡಿಯಲ್ಲಿ ಅದಲುಬದಲು, ಚಿಹ್ನೆ ತಪ್ಪು ಎರಡೂ ಹೆಚ್ಚು, ಆದ್ದರಿಂದಲೇ ಇದಕ್ಕೆ ಇಷ್ಟು ಮಹತ್ವ.

ಇನ್ನು ಎಡವುವ ಜಾಗಗಳು. ಚೆಕ್ ಗುಂಡಿ ತೋರಿಸುವುದು ನೀವು ಒತ್ತಿದ್ದನ್ನು, ಚೀಟಿಯಲ್ಲಿದ್ದದ್ದನ್ನಲ್ಲ. ಸ್ಕೇಲು ಇಟ್ಟು ಸಾಲು ಸಾಲಾಗಿ ಕಾಗದದೊಂದಿಗೆ ತಾಳೆ ನೋಡಲೇಬೇಕು. 150 ಹೆಜ್ಜೆ ಇದೆಯೆಂದು ಉದ್ದಕ್ಕೆ ಹೋಗಬೇಡಿ, 20 ನಮೂದಿಗೊಮ್ಮೆ ನಿಲ್ಲಿಸಿ, ಪರಿಶೀಲಿಸಿ, ಉಪಮೊತ್ತ ಬರೆದಿಡಿ. ಇದು ಗುಂಡಿ ಒತ್ತಿದ ಕ್ರಮದಲ್ಲೇ ಲೆಕ್ಕ ಮಾಡುವ ಯಂತ್ರ: 200 ಕೂಡು 50 ಗುಣಿಸು 2 ಎಂದರೆ 300 ಬರುವುದಿಲ್ಲ, 500 ಬರುತ್ತದೆ. ಗುಣಾಕಾರ ಮೊದಲು ಮಾಡಿ. ಜಿ.ಟಿ. (ಗ್ರ್ಯಾಂಡ್ ಟೋಟಲ್) ಗುಂಡಿ ಪ್ರತಿ ಉತ್ತರವನ್ನೂ ಒಟ್ಟುಗೂಡಿಸುತ್ತದೆ. ಹಿಂದಿನ ಗ್ರಾಹಕರ ಮೊತ್ತ ಅದರಲ್ಲಿ ಉಳಿದಿದ್ದರೆ ಹೊಸ ಬಿಲ್ಲು ಕೆಟ್ಟಿತು. ಪರದೆಯಲ್ಲಿ ಅದರ ಗುರುತು ಆರಿದ್ದನ್ನು ನೋಡಿಯೇ ಶುರುಮಾಡಿ. ಶೇಕಡಾ ಗುಂಡಿ ಮಾದರಿಯಿಂದ ಮಾದರಿಗೆ ಬೇರೆ ಥರ ನಡೆಯುತ್ತದೆ. ಕೊಂಡ ದಿನವೇ 100 ಕೂಡು 5 ಶೇಕಡಾ ಒತ್ತಿ ನೋಡಿ: 105 ಬಂದರೆ ಸರಿ, 105.26 ಬಂದರೆ ಅದು ಮಾರಾಟದ ಬೆಲೆಯ ಮೇಲಿನ ಲಾಭ ಲೆಕ್ಕ ಹಾಕುತ್ತಿದೆ. ಜಿಎಸ್‌ಟಿಗೆ ಆ ಗುಂಡಿಯ ಸಹವಾಸವೇ ಬೇಡ, 800ಕ್ಕೆ ಶೇ 18 ಸೇರಿಸಲು 1.18ರಿಂದ ಗುಣಿಸಿ: 944. ಕ್ಯಾಸಿಯೊ ಹೆಸರಿನ ನಕಲಿ ಮಾಲೂ ಸಾಕಷ್ಟಿದೆ, ಬಿಲ್ಲು ಕೊಡುವ ಅಂಗಡಿಯಲ್ಲೇ ಕೊಳ್ಳಿ.

ಎರಡೂ ಉಪಕರಣಗಳಿಗೆ ಒಂದು ಮಿತಿ ಇದೆ. ಎಡಿಎಚ್‌ಡಿ ಇರುವವರಲ್ಲಿ ಡಿಸ್ಲೆಕ್ಸಿಯಾ (ಓದುವ ತೊಂದರೆ), ಡಿಸ್ಕಾಲ್ಕ್ಯುಲಿಯಾ (ಲೆಕ್ಕದ ತೊಂದರೆ) ಇತರರಿಗಿಂತ ಹೆಚ್ಚಾಗಿ ಕಾಣುತ್ತವೆ, ಮತ್ತು ಅವು ಬೇರೆಯದೇ ತೊಂದರೆಗಳು. ಗೊತ್ತಿರುವ ಭಾಷೆಯ ಬಿಡಿ ಪದಗಳ ಚಿಕ್ಕ ಪಟ್ಟಿಯನ್ನೂ ಸದ್ದಿಲ್ಲದ ಕೋಣೆಯಲ್ಲಿ ತಡವರಿಸಿ ಓದುವವರು, ಒತ್ತಕ್ಷರ ಬಂದಾಗಲೆಲ್ಲ ಊಹಿಸುವವರು ಗಮನದ ಕೊರತೆಯಿಂದಷ್ಟೇ ಹಾಗೆ ಮಾಡುತ್ತಿಲ್ಲ. ಅವರಿಗೆ ರೀಡ್ ಅಲೌಡ್ ಇನ್ನೂ ಹೆಚ್ಚು ಉಪಕಾರಿ, ಆದರೆ ಅಕ್ಷರ ಕಲಿಕೆಯ ತರಬೇತಿಗೆ ಅದು ಬದಲಿಯಲ್ಲ. 600ರಲ್ಲಿ ಕಾಲು ಭಾಗ ಸುಮಾರು ಎಷ್ಟು ಎಂದು ಕೇಳಿ, ಬೇಕಾದಷ್ಟು ಸಮಯ ಕೊಟ್ಟರೂ 40 ಮತ್ತು 400ರ ನಡುವೆ ತಡಕಾಡುವವರಿಗೆ ಕ್ಯಾಲ್ಕುಲೇಟರ್ ಉತ್ತರ ಕೊಟ್ಟೀತು, ಆ ಉತ್ತರ ಸರಿಯೋ ತಪ್ಪೋ ಎಂಬ ಅಂದಾಜು ಕೊಡದು. ಎಡಿಎಚ್‌ಡಿಯ ಔಷಧಿ ಗಮನವನ್ನು ಉತ್ತಮಪಡಿಸಬಹುದು. ಕಲಿಯದೇ ಉಳಿದ ಭಿನ್ನರಾಶಿಯನ್ನು ಅದು ಕಲಿಸುವುದಿಲ್ಲ.

ರೋಗನಿರ್ಣಯಕ್ಕೆ ಹೋಗುವವರು ಗಮನಿಸಬೇಕಾದದ್ದು: ವಯಸ್ಕರು ತಾವೇ ತುಂಬುವ, ವಿಶ್ವ ಆರೋಗ್ಯ ಸಂಸ್ಥೆಯ ಎಎಸ್‌ಆರ್‌ಎಸ್ ಪ್ರಶ್ನಾವಳಿಯಲ್ಲಿ 18 ಪ್ರಶ್ನೆಗಳಿವೆ, ಮೊದಲ 6 ಪ್ರಾಥಮಿಕ ಜರಡಿಗೆ. ಅದು ಸಂಶಯವನ್ನಷ್ಟೇ ಸೂಚಿಸುತ್ತದೆ. ಮನೋರೋಗ ನಿರ್ಣಯದ ಕೈಪಿಡಿ ಡಿಎಸ್ಎಂ-5ರ ಪ್ರಕಾರ 17 ಮತ್ತು ಅದಕ್ಕಿಂತ ಹೆಚ್ಚಿನ ವಯಸ್ಸಿನವರಲ್ಲಿ ಗಮನದ ಕೊರತೆ ಅಥವಾ ಅತಿ ಚಟುವಟಿಕೆ-ದುಡುಕು ಈ ಎರಡರಲ್ಲಿ ಒಂದು ಗುಂಪಿನ 9 ಲಕ್ಷಣಗಳಲ್ಲಿ ಕನಿಷ್ಠ 5 ಇರಬೇಕು, ಹಲವು ಲಕ್ಷಣಗಳು 12 ವರ್ಷಕ್ಕೆ ಮೊದಲೇ ಕಂಡಿರಬೇಕು. ಆದ್ದರಿಂದ ಮನೋವೈದ್ಯರ ಬಳಿ ಹೋಗುವಾಗ ಪ್ರಾಥಮಿಕ ಶಾಲೆಯ ಅಂಕಪಟ್ಟಿ ಸಿಕ್ಕರೆ ಒಯ್ಯಿರಿ. ಜೊತೆಗೆ ತಪ್ಪಿದ ಲೆಕ್ಕದ ನಾಲ್ಕೈದು ಹಾಳೆಗಳು, ತಿದ್ದದೆ, ಹೊಡೆದು ಹಾಕಿದ ಗೀಟುಗಳ ಸಮೇತ.