ಪಿಂಕ್ ಟವರ್: ಹತ್ತು ಕ್ಯೂಬ್, ಸುಮ್ಮನೆ ಕೂರಬೇಕಾದ ಟೀಚರ್

ಮಾಂಟೆಸ್ಸೊರಿ ಕೋಣೆಯ ಸಾಮಾನುಗಳಲ್ಲಿ ಪಿಂಕ್ ಟವರ್ ಎಲ್ಲರಿಗೂ ಗೊತ್ತು. ಮರದ ಹತ್ತು ಕ್ಯೂಬ್‌ಗಳು. ಚಿಕ್ಕದರ ಅಂಚು 1 ಸೆಂ.ಮೀ., ದೊಡ್ಡದರದು 10. ದೊಡ್ಡದರ ಮೇಲೆ ಚಿಕ್ಕದನ್ನಿಡುತ್ತ ಪೇರಿಸಿದರೆ 55 ಸೆಂ.ಮೀ. ಎತ್ತರ. ದಿನವಿಡೀ ಮೂಗು ಒರೆಸಿ, ಚಪ್ಪಲಿ ಹಾಕಿಸಿ, 'ಇವತ್ತು ಕಲಿಸಿದ್ದಾದರೂ ಏನು' ಎಂದು ಸಂಜೆ ಕೇಳಿಕೊಳ್ಳುವ ಟೀಚರ್‌ಗೆ ಇದು ಒಳ್ಳೆಯ ಖರೀದಿ.

ಕೊಳ್ಳುವುದಾದರೆ ಗಟ್ಟಿ ಮರದ್ದೇ ಆಗಲಿ. ದೊಡ್ಡ ಕ್ಯೂಬಿನ ತೂಕ ಚಿಕ್ಕದರ 1000 ಪಟ್ಟು. ಬೀಚ್ ಎಂಬ ಜಾತಿಯ ಮರದ್ದಾದರೆ ಅದೊಂದೇ ಸುಮಾರು 700 ಗ್ರಾಂ. ಕಣ್ಣಿಗಿಂತ ಮೊದಲು ಕೈಗೆ ತಿಳಿಯುವುದು ಈ ಭಾರ. ಟೊಳ್ಳು ಕ್ಯೂಬಿನಲ್ಲಿ ಅದು ಸಿಗದು. ಬಣ್ಣಬಣ್ಣದ ಸೆಟ್ ನೋಡಲು ಚೆಂದ, ಆದರೆ ಮಗು ಗಾತ್ರ ಬಿಟ್ಟು ಬಣ್ಣದ ಸರದಿಯನ್ನು ಬಾಯಿಪಾಠ ಮಾಡಿಬಿಡುತ್ತದೆ. ಅಳತೆ ಪರೀಕ್ಷಿಸಲು ಎಲ್ಲವನ್ನೂ ಒಂದೇ ಮೂಲೆಗೆ ಸರಿಹೊಂದಿಸಿ ಪೇರಿಸಿ. ಎದುರು ಬದಿಯ ಪ್ರತಿ ಮೆಟ್ಟಿಲಲ್ಲೂ 1 ಸೆಂ.ಮೀ. ಕ್ಯೂಬ್ ಅಳತೆಗೆ ಸರಿಯಾಗಿ ಕೂರಬೇಕು. ಹೊರಕ್ಕೆ ಚಾಚಿದರೆ ಸೆಟ್ ವಾಪಸ್ ಕಳಿಸಿ.

ಬಳಕೆ ಸರಳ, ಟೀಚರ್ ಪಾಲಿಗೆ ಮಾತ್ರ ಕಷ್ಟ. ಮಗು ಒಂದೊಂದೇ ಕ್ಯೂಬನ್ನು ಚಾಪೆಗೆ ತರುತ್ತದೆ, ಅಂದರೆ ಹತ್ತು ಸಲ ಓಡಾಟ. ನೀವು ಮಾತಿಲ್ಲದೆ ಒಮ್ಮೆ ಕಟ್ಟಿ, ಬಿಚ್ಚಿ, ಹಿಂದೆ ಸರಿಯಬೇಕು. ತಪ್ಪುವುದು ಹೆಚ್ಚಾಗಿ 8, 9, 10 ಸೆಂ.ಮೀ. ಕ್ಯೂಬ್‌ಗಳ ನಡುವೆ: ಅಂಚಿನ ಲೆಕ್ಕದಲ್ಲಿ 1ರ ದುಪ್ಪಟ್ಟು 2, 9ಕ್ಕಿಂತ 10 ಒಂಬತ್ತನೇ ಒಂದು ಪಾಲಷ್ಟೇ ದೊಡ್ಡದು. ಇಲ್ಲೇ ನಾಲಿಗೆ ತುರಿಸುತ್ತದೆ. 'ಅದಲ್ಲ ಪುಟ್ಟಾ' ಅಂದಿರೋ, ಮಗು ಗೋಪುರ ಬಿಟ್ಟು ನಿಮ್ಮ ಮುಖ ನೋಡತೊಡಗುತ್ತದೆ. ಮುಂದಿನ ಪ್ರತಿ ಕ್ಯೂಬಿಗೂ ನಿಮ್ಮ ಒಪ್ಪಿಗೆ ಬೇಕು. ನೀವು ತಡೆದುಕೊಂಡರೆ, ಮಗು ಹೊರಗೆ ಚಾಚಿದ ಅಂಚನ್ನು ಬೆರಳಿಂದ ಸವರಿ, ಮೇಲಿನವನ್ನೆಲ್ಲ ಇಳಿಸಿ, ತಾನೇ ಅದಲುಬದಲು ಮಾಡುತ್ತದೆ. ಕೊನೆಯ ಪುಟ್ಟ ಕ್ಯೂಬನ್ನು ಮೂರು ಬೆರಳಲ್ಲಿ ಹಿಡಿದು, ಉಸಿರು ಬಿಗಿಹಿಡಿದು ಇಡುತ್ತದೆ. ಇಟ್ಟಾದ ಮೇಲೆ ಹೆಚ್ಚಿನ ಮಕ್ಕಳು ಚಪ್ಪಾಳೆಗೆ ಕಾಯುವುದಿಲ್ಲ, ಕೆಡವಿ ಮತ್ತೆ ಶುರುಮಾಡುತ್ತವೆ. ಮಾಂಟೆಸ್ಸೊರಿ ಪದ್ಧತಿಯಲ್ಲಿ ಟೀಚರನ್ನು 'ನಿರ್ದೇಶಕಿ' ಎಂದು ಕರೆದದ್ದು ಸುಮ್ಮನೆ ಅಲ್ಲ: ಆಕೆಯ ಕೆಲಸ ಪಾಠ ಹೇಳುವುದಲ್ಲ, ದಾರಿ ತೋರಿಸಿ ಗಮನಿಸುವುದು. ಯಾವ ಎರಡು ಅದಲುಬದಲಾದವು, ಎಷ್ಟು ಸಲ ಕಟ್ಟಿತು, ಎಲ್ಲಿ ತಾನೇ ತಿದ್ದಿಕೊಂಡಿತು ಎಂದು ತಾರೀಕು ಹಾಕಿ ಎರಡು ಸಾಲು ಬರೆದಿಡಿ. ಬೇಸರದ ಸಂಜೆ ತಿಂಗಳ ಹಿಂದಿನ ಪುಟ ತೆರೆದರೆ, ಯಾರ ಮೆಚ್ಚುಗೆಯೂ ಹೇಳದ್ದು ಅಲ್ಲಿರುತ್ತದೆ.

ಕೊರತೆಗಳೂ ಇವೆ. ಅಂಚಿನ ಬಣ್ಣ ಬೇಗ ಸವೆಯುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ನೀರಲ್ಲಿ ಅದ್ದಿದರೆ ಮರ ಉಬ್ಬಿ ಅಳತೆಯೇ ಕೆಡುತ್ತದೆ. 1 ಮತ್ತು 2 ಸೆಂ.ಮೀ. ಕ್ಯೂಬ್ ಗಂಟಲಲ್ಲಿ ಸಿಕ್ಕಿಕೊಳ್ಳುವ ಗಾತ್ರದವು. ಮೂರು ವರ್ಷದೊಳಗಿನ, ಇನ್ನೂ ಬಾಯಿಗೆ ಹಾಕಿಕೊಳ್ಳುವ ಮಕ್ಕಳಿದ್ದರೆ ಅವೆರಡನ್ನು ತೆಗೆದಿಡಿ. ಬಿಡಿ ಕ್ಯೂಬ್ ಮಾರುವವರಲ್ಲೇ ಕೊಳ್ಳಿ. ಚಿಕ್ಕದು ಇವತ್ತಲ್ಲ ನಾಳೆ ಪೊರಕೆಯ ಪಾಲಾಗುತ್ತದೆ, ಒಂಬತ್ತು ಕ್ಯೂಬಿನ ಗೋಪುರವನ್ನು ಮಕ್ಕಳು ಒಪ್ಪುವುದಿಲ್ಲ.