ಬೀದರ್‌ನಲ್ಲಿ ಬಿದ್ರಿ ಕೊಳ್ಳುವವರೇ, ಡೆಮೋ ತೋರಿಸುವ ಸಾಮಾನೇ ಬೇರೆ, ಡಬ್ಬಿಯಲ್ಲಿ ಬರುವುದೇ ಬೇರೆ

ಬಿದ್ರಿ ಅಂದರೆ ಸತುವಿನ ಸಾಮಾನಿನಲ್ಲಿ ಬೆಳ್ಳಿ ಕೂಡಿಸಿ ಮೈ ಕಪ್ಪು ಮಾಡುವ ಬೀದರ್‌ನ ಕೈಕೆಲಸ. ಬೀದರ್ ಕೋಟೆ ನೋಡಿ ಹೊರಗೆ ಬರುವಾಗ ಆಟೋದವರು ಯಾರಾದರೂ "ಬಿದ್ರಿ ಕಾರ್ಖಾನಿ ತೋರಸ್ತೀನಿ ಬರ್ರಿ ಸರ್, ಸಿದ್ದಿಖ್ ತಾಲೀಮ್ ಇವತ್ತು ಬಂದ್ ಅದ" ಅಂದರೆ ಹತ್ತಬೇಡಿ. ದಯವಿಟ್ಟು ಹತ್ತಬೇಡಿ. ಬಂದ್ ಇರಲಿಲ್ಲ! ಸಿದ್ದಿಖ್ ತಾಲೀಮ್ ಅಂದರೆ ಬಿದ್ರಿ ಕೆಲಸಗಾರರ ಓಣಿ, ಅದೇ ಸಂಜೆ ಅಲ್ಲಿ ಹಾದು ಬಂದೆವು, ಕೆಲಸಗಾರರು ಉಳಿ ಸುತ್ತಿಗೆ ಹಿಡಿದು ಕೂತೇ ಇದ್ದರು. ಅಷ್ಟರಲ್ಲಿ ನಮ್ಮ ದುಡ್ಡು ಹೋಗಿತ್ತು.

ಕೋಟೆಯಿಂದ ಮಹಮೂದ್ ಗವಾನ್ ಮದರಸಾ, ಅಲ್ಲಿಂದ ಚೌಬಾರಾ ಗೋಪುರ, ಎಲ್ಲ ಹಳೆ ಊರಿನೊಳಗೇ ಇವೆ, ನಡೆದೇ ಹೋಗಬಹುದು. ಬಿದ್ರಿ ಅಂಗಡಿಗಳು, ಕೆಲಸದ ಮನೆಗಳು ಚೌಬಾರಾ ಸುತ್ತಮುತ್ತಲೇ. ಆಟೋ ಬೇಕಾಗಿಯೇ ಇಲ್ಲ. ನಮ್ಮನ್ನು ಕರೆದುಕೊಂಡು ಹೋದದ್ದು ಊರ ಹೊರಗಿನ ರಸ್ತೆಯ ಒಂದು ಅಂಗಡಿಗೆ. ಕೋಟೆಯೊಳಗೆ ರಂಗೀನ್ ಮಹಲ್‌ನ ಕರಿಕಲ್ಲಿನಲ್ಲಿ ಕೂಡಿಸಿದ ಮುತ್ತಿನ ಚಿಪ್ಪು ನೋಡಿ ಬಂದ ಕಣ್ಣಿಗೆ ಕಪ್ಪಿನ ಮೇಲೆ ಬಿಳಿ ಇದ್ದದ್ದೆಲ್ಲ ಚೆಂದವೇ ಕಾಣುತ್ತದೆ. ಇವರಿಗೆ ಅದು ಚೆನ್ನಾಗಿ ಗೊತ್ತು.

ಮೋಸ ನಡೆಯುವ ರೀತಿ ಹೇಳುತ್ತೇನೆ, ಗಮನವಿಟ್ಟು ಓದಿ. ಮೊದಲು ಡೆಮೋ. ಅಂಗೈಯಗಲದ ಒಂದು ತಟ್ಟೆ ತಂದರು. ಪೂರ್ತಿ ಬೂದು ಬಣ್ಣ, ಹೂಬಳ್ಳಿ ಇದೆಯೋ ಇಲ್ಲವೋ ಅನ್ನುವಷ್ಟು ಮಸುಕು. ಕಪ್ಪು ಮಾಡುವ ಮೊದಲು ಸತುವೂ ಬೆಳ್ಳಿಯೂ ಹೆಚ್ಚುಕಡಿಮೆ ಒಂದೇ ಬಣ್ಣ ಇರುವುದರಿಂದ ಹಾಗೆ. ಕೋಟೆಯ ಮಣ್ಣು, ನವಸಾಗರ (ಅಮೋನಿಯಂ ಕ್ಲೋರೈಡ್) ಹಾಕಿ ಕುದಿಸಿದ ನೀರಿಗೆ ಅದನ್ನು ಇಳಿಸಿ ಉಜ್ಜಿದರು. ನೋಡುತ್ತಿದ್ದಂತೆ ಮೈಯೆಲ್ಲ ಕಾಡಿಗೆ ಕಪ್ಪಾಯಿತು, ಬೆಳ್ಳಿಯ ಬಳ್ಳಿ ಮಾತ್ರ ಹಾಗೇ ಬೆಳ್ಳಗೆ ಎದ್ದು ಬಂತು. ಆ ತಟ್ಟೆ ಅಪ್ಪಟ ಬಿದ್ರಿ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಆಮೇಲೆ, "ಇದೇ ಮಾಲಿನಾಗ ದೊಡ್ಡ ಹೂದಾನಿ ಒಳಗ ಅದರಿ" ಅಂತ ಒಂದು ತಂದು, ಲೈಟಿನ ಕೆಳಗೆ ಒಂದು ಸುತ್ತು ತಿರುಗಿಸಿ, ನಾವು ಕೈಗೆ ತಗೊಳ್ಳುವ ಮೊದಲೇ ಬಬಲ್ ಶೀಟ್ ಸುತ್ತಿ ಡಬ್ಬಿಗೆ ಟೇಪ್ ಹೊಡೆದರು. "ಮನಿಗೆ ಹೋಗೋತನ ಬಿಚ್ಚಬ್ಯಾಡ್ರಿ, ಗಾಳಿ ಹತ್ತಿದ್ರ ಬೆಳ್ಳಿ ಕಪ್ಪಾಗ್ತದ." ₹4,800.

ಕಲಬುರಗಿಗೆ ಬಂದು, ನೆಂಟರಿಗೆ ಕೊಡುವ ಮೊದಲು ಕೊಬ್ಬರಿ ಎಣ್ಣೆ ಹಚ್ಚಿ ಹತ್ತಿ ಬಟ್ಟೆಯಲ್ಲಿ ಒರೆಸಿದರೆ ಬಟ್ಟೆ ಬೂಟ್ ಪಾಲಿಶ್ ಮೆತ್ತಿದ ಹಾಗಾಯಿತು. ಕಪ್ಪಿನ ಕೆಳಗೆ ಬಿಳಿ ಅಲ್ಯೂಮಿನಿಯಂ. ಎಲೆಯ ತುದಿಗೆ ಉಗುರು ತಾಕಿಸಿದರೆ ಎಲೆಗೆ ಎಲೆಯೇ ಸಿಪ್ಪೆಯಂತೆ ಎದ್ದು ಬಂತು. ಎದುರಿಗೆ ನೆಂಟರು ಕೂತಿದ್ದಾರೆ! ನಮ್ಮ ಭಾಗದ ಹೆಸರು ಹೇಳಿ ಕೊಡಬೇಕಾದ ವಸ್ತು ಅದು.

ಫೋನ್ ಮಾಡಿದಾಗ ಬಂದ ಉತ್ತರಗಳನ್ನೂ ಕೇಳಿ. ಮೊದಲು, "ನೀವು ಭಾಳ ಉಜ್ಜೀರಿ." ಎಣ್ಣೆ ಬಟ್ಟೆಗೆ ಹೋಗುವ ಕಪ್ಪು ಬಿದ್ರಿಯ ಕಪ್ಪು ಹೇಗಾಗುತ್ತದೆ ಅಂದರೆ, "ಬೆಳ್ಳಿ ಅಂತ ನಾ ಎಲ್ಲಿ ಹೇಳೀನಿ? ಬೆಳ್ಳಿ ಕೆಲಸ ಅಂದೀನಿ." ಜಿಐ ಟ್ಯಾಗ್ (ಒಂದು ಊರಿನ ವಿಶೇಷ ವಸ್ತುವಿಗೆ ಸಿಗುವ ಸರ್ಕಾರಿ ಮಾನ್ಯತೆ) ಸ್ಟಿಕರ್ ಹಚ್ಚಿದ್ದೀರಲ್ಲ ಅಂದರೆ, "ಬೀದರ್‌ನಾಗೇ ಮಾರೀನಲ್ರೀ." ಕೊನೆಗೆ, "ಬಿಲ್ ನೋಡ್ರಿ, ಏನ್ ಬರ್ದದ?" ಬಿಲ್‌ನಲ್ಲಿ ಬರೆದದ್ದು 'ಡೆಕೊರೇಟಿವ್ ಐಟಂ'. ಬಿದ್ರಿ ಅನ್ನುವ ಮಾತೇ ಇಲ್ಲ. ಅಂದರೆ ಬಿಲ್ ಬರೆಯುವಾಗಲೇ ಎಲ್ಲ ಲೆಕ್ಕ ಹಾಕಿದ್ದರು.

ಅಸಲಿ ಬಿದ್ರಿಯ ಮೈ ಸತು, ಅದರಲ್ಲಿ ಸ್ವಲ್ಪ ತಾಮ್ರ. ಸುಮಾರು 16 ಪಾಲಿಗೆ 1 ಪಾಲು. ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ದು, ಅರದಿಂದ ಉಜ್ಜಿ, ಗೆರೆ ಕಾಣಲಿ ಅಂತ ಮೈಲುತುತ್ತದ ನೀರು ಹಚ್ಚಿ ತಾತ್ಕಾಲಿಕ ಕಪ್ಪು ಮಾಡಿ, ಮೊಳೆಯಂಥ ಕಡ್ಡಿಯಿಂದ ಕೈಯಾರೆ ಚಿತ್ರ ಬಿಡಿಸಿ, ಉಳಿಯಿಂದ ಕೊರೆದ ಕಾಲುವೆಯಲ್ಲಿ ಬೆಳ್ಳಿ ತಂತಿ ಅಥವಾ ತಗಡು ಕೂಡಿಸಿ ಸುತ್ತಿಗೆಯಿಂದ ಬಡಿಯುತ್ತಾರೆ. ಬೆಳ್ಳಿ ಕಾಲುವೆಯೊಳಗೆ ಕಚ್ಚಿಕೊಂಡಿರುತ್ತದೆ, ಅಂಟಿನಿಂದ ನಿಂತಿರುವುದಿಲ್ಲ. ಉಗುರಿಗೆ ಏಳುವ ಮಾತೇ ಇಲ್ಲ. ಕೊನೆಯ ಕಪ್ಪು ಬಣ್ಣವಲ್ಲ, ಸತುವಿನ ಮೈಯೇ ಮಣ್ಣು ನವಸಾಗರಕ್ಕೆ ಕಪ್ಪಾದದ್ದು. ಎಣ್ಣೆ ಹಚ್ಚಿದರೆ ಅದು ಇನ್ನೂ ಗಾಢವಾಗುತ್ತದೆ. ಹೊಸ ಸಾಮಾನಿನಲ್ಲಿ ಬಟ್ಟೆಗೆ ತುಸು ಮಸಿ ಹತ್ತಬಹುದು, ಆದರೆ ಕೆಳಗಿನ ಲೋಹ ಬಯಲಾಗುವುದಿಲ್ಲ.

ಹಾಗಾಗಿ ಕೈಗೆ ತಗೊಳ್ಳದೆ ಪ್ಯಾಕ್ ಮಾಡಿಸಬೇಡಿ. ಕೈಗೆ ಕೊಡದಿದ್ದರೆ ಎದ್ದು ಬನ್ನಿ. ತೂಕವೇ ಅರ್ಧ ಕಥೆ ಹೇಳುತ್ತದೆ: ಒಂದು ಘನ ಸೆಂಟಿಮೀಟರ್ ಸತು 7 ಗ್ರಾಂಗಿಂತ ಜಾಸ್ತಿ, ಅಲ್ಯೂಮಿನಿಯಂ 2.7 ಗ್ರಾಂ. ನೋಡಿದ ಗಾತ್ರಕ್ಕೆ ಹಗುರ ಅನ್ನಿಸಿದರೆ ಅಲ್ಲಿಗೇ ಬಿಡಿ. ಆಯಸ್ಕಾಂತ ಹಿಡಿಯಿರಿ, ಅಂಟಿದರೆ ಒಳಗೆ ಕಬ್ಬಿಣ. ಅಂಟಲಿಲ್ಲ ಅಂತ ಅಸಲಿ ಅನ್ನಬೇಡಿ, ಅಲ್ಯೂಮಿನಿಯಂ ಕೂಡ ಅಂಟುವುದಿಲ್ಲ. ನೇಲ್ ಪಾಲಿಶ್ ರಿಮೂವರ್ ಹತ್ತಿಯಲ್ಲಿ ಅದ್ದಿ ತಳಕ್ಕೆ ಉಜ್ಜಿ, ಬಣ್ಣವಾದರೆ ಬಿಡುತ್ತದೆ. ಬೇಡ ಅಂತ ಯಾರಾದರೂ ಕೈ ಹಿಡಿದರೆ ಅದೇ ಉತ್ತರ. ಬಳ್ಳಿಯ ಎಲೆಗಳನ್ನು ಹತ್ತಿರ ಹಿಡಿದು ನೋಡಿ. ಕೈಕೆಲಸದಲ್ಲಿ ಒಂದು ಎಲೆ ಇನ್ನೊಂದರಷ್ಟೇ ಇರುವುದಿಲ್ಲ, ನಮ್ಮ ಹೂದಾನಿಯಲ್ಲಿ ಎಲ್ಲವೂ ಒಂದೇ ಅಚ್ಚು.

ಜಿಐ ಮಾನ್ಯತೆ ಬಿದ್ರಿ ಕಲೆಗೆ ಇದೆ, ನಿಜ. ಆದರೆ ಸ್ಟಿಕರ್ ಯಾರು ಬೇಕಾದರೂ ಹಚ್ಚುತ್ತಾರೆ, ಅದು ಬೆಳ್ಳಿಯ ಹಾಲ್‌ಮಾರ್ಕ್ ಅಲ್ಲ. ಬಿಲ್‌ನಲ್ಲಿ 'ಬಿದ್ರಿ, ಸತು-ತಾಮ್ರದ ಮೈ, ಬೆಳ್ಳಿ ತಂತಿ' ಅಂತ ಬರೆಸಿಕೊಳ್ಳಿ. ಬರೆಯಲ್ಲ ಅಂದರೆ ದುಡ್ಡು ಕೊಡಬೇಡಿ. ಕೆಲಸಗಾರರ ಮನೆಗೇ ಹೋಗಿ ಕೊಂಡರೆ ದುಡ್ಡು ಅವರ ಕೈಗೇ ಸೇರುತ್ತದೆ. ಇಂಥ ಅಂಗಡಿಗಳು ನಮ್ಮ ಜೇಬಿಗಷ್ಟೇ ಅಲ್ಲ, ವಾರಗಟ್ಟಲೆ ಬಗ್ಗಿ ಕೂತು ಕೊರೆಯುವ ಆ ಜನರ ಹೊಟ್ಟೆಗೂ ಕಲ್ಲು ಹಾಕುತ್ತಿವೆ.

ಈಗಾಗಲೇ ಮೋಸ ಹೋದವರು ಬಿಲ್, ಯುಪಿಐ ರಸೀದಿ, ಡಬ್ಬಿ, ಎದ್ದುಬಂದ ಚೂರು ಯಾವುದನ್ನೂ ಎಸೆಯಬೇಡಿ. ಗ್ರಾಹಕ ಸಹಾಯವಾಣಿ 1915. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ದೂರು ಕೊಡಬೇಕು. ದೂರು ಕೊಡುತ್ತೇವೆ ಅಂದ ಮೇಲೆ ಅಂಗಡಿಯವರು ಹೇಳಿದ್ದು, "ದುಡ್ಡು ವಾಪಸ್ ಇಲ್ರಿ, ಬೇಕಾದ್ರ ಬ್ಯಾರೆ ಪೀಸ್ ಒಯ್ರಿ." ಬೇರೆ ಪೀಸ್ ತರುವುದಿಲ್ಲ, ದೂರು ಕೊಟ್ಟಿದ್ದೇವೆ.